ಗುಡುಗಣ್ಣನ ಕೊನೆಯ ಮೆಟ್ಟಿಲು

"ಭಾನುವಾರದೊಳಗೆ ನನಗೆ ನೆಗಡಿ ಆಗಲೇಬೇಕು. ಆಗದಿದ್ರೆ ಹಾಡೋದನ್ನೇ ಬಿಟ್ಬಿಡ್ತೀನಿ."

ಬುಧವಾರ ಸಂಜೆ ಅಭ್ಯಾಸ ಮುಗಿಸಿ ಬಂದ ಗುಡುಗಣ್ಣ ಚಪ್ಪಲಿ ಬಿಡುವ ಮುಂಚೆಯೇ ಹೀಗೆ ಶಪಥ ಮಾಡಿದ. ಜನ ರಾಜ್ಯ ಗೆಲ್ಲುತ್ತೇನೆಂದು ಶಪಥ ಮಾಡಿದ್ದುಂಟು, ಸಿಗರೇಟು ಬಿಡುತ್ತೇನೆಂದು ಮಾಡಿದ್ದುಂಟು. ಮೂಗು ಸೋರಿಸಿಕೊಳ್ಳುತ್ತೇನೆಂದು ಪಣ ತೊಟ್ಟವನು ಇವನೊಬ್ಬನೇ ಇರಬೇಕು. ಹಿಂದೆಯೇ ಬಂದ ಹೆಂಡತಿ ಬೀಗದ ಕೈಯನ್ನು ಮೊಳೆಗೆ ತೂಗುಹಾಕಿ, "ಮೊದಲು ಕೈಕಾಲು ತೊಳ್ಕೊಳ್ಳಿ," ಎಂದಳು.

ಹೊಟ್ಟೆಪಾಡಿಗೆ ಗುಡುಗಣ್ಣ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಆ ಹೆಸರು ಮಾತ್ರ ಚರ್ಚಿನವರು ಅವನ ಗಂಟಲಿಗೆ ಕೊಟ್ಟ ಬಿರುದು. ಇಪ್ಪತ್ತೆರಡು ವರ್ಷದಿಂದ ಅವನದೊಂದು ನಾಲ್ವರ ತಂಡವಿತ್ತು. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವ ಹೆಂಡತಿಯದು ಎಲ್ಲಕ್ಕಿಂತ ಮೇಲಿನ ದನಿ. ಬೇಕರಿ ನಡೆಸುವ ಭಾವಮೈದ ಮತ್ತು ಬೀದಿಯ ದರ್ಜಿಯದು ನಡುವಿನ ಎರಡು. ತಳಪಾಯ ಗುಡುಗಣ್ಣನದು. ಚರ್ಚುಗಳಲ್ಲಿ, ಶಾಲೆಯ ಮಕ್ಕಳ ಗಾಯನವೃಂದಗಳ ಜೊತೆಯಲ್ಲಿ ಅವರು ಸುವಾರ್ತೆಯ ಗೀತೆಗಳನ್ನು ಹಾಡುತ್ತಿದ್ದರು.

ಈ ಭಾನುವಾರದ ಗೀತೆ, ದೇವರು ಮೇಲಿನಿಂದ ನಮ್ಮ ತನಕ ಇಳಿದು ಬಂದ ಕತೆ. ಕೊನೆಯ ಸಾಲಿನಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ. ತಳದ ದನಿಯೊಂದೇ ನಾಲ್ಕು ಮೆಟ್ಟಿಲು ಇಳಿದು, ನಾಲ್ಕನೆಯದರ ಮೇಲೆ ಬಹಳ ಹೊತ್ತು ನಿಲ್ಲಬೇಕು. ಇಷ್ಟು ವರ್ಷ ಗುಡುಗಣ್ಣ ಅಲ್ಲಿ ಮನೆ ಕಟ್ಟಿಕೊಂಡವನ ಹಾಗೆ ನಿಂತಿದ್ದ. ಈ ವರ್ಷ ಅದೇನಾಯಿತೋ, ನೆಲಮಹಡಿಯವರೆಗೆ ಸಲೀಸಾಗಿ ಬರುತ್ತಿದ್ದ ದನಿ ನೆಲಮಾಳಿಗೆಯ ಗುಂಡಿ ಒತ್ತಿದರೆ ಜಪ್ಪಯ್ಯ ಎನ್ನಲಿಲ್ಲ. ಬರಿಯ ಗಾಳಿ.

ಆ ಸಂಜೆಯ ಅಭ್ಯಾಸದಲ್ಲಿ, ಹಾಡನ್ನೇ ಎರಡು ಸ್ವರ ಮೇಲೆತ್ತೋಣ ಎಂದಿದ್ದ ಭಾವಮೈದ. ಮಕ್ಕಳು ಈಗಾಗಲೇ ತುದಿಗಾಲಲ್ಲಿ ಹಾಡುತ್ತಿದ್ದಾರೆ, ಇನ್ನೂ ಎತ್ತಿದರೆ ಕಿರುಚುತ್ತಾರೆ ಎಂದರು ಶಾಲೆಯ ಸಂಗೀತದ ಟೀಚರ್. ಆಮೇಲೆ ನಲವತ್ತು ಮಕ್ಕಳ ಎದುರಿಗೆ ಬಹಳ ಮೆಲ್ಲಗೆ ಹೇಳಿದರು: "ಅಂಕಲ್, ಕೊನೇ ಸ್ವರಕ್ಕೆ ನೀವು ಸುಮ್ನೆ ಬಾಯಿ ತೆಗೀರಿ ಸಾಕು. ಮಿಕ್ಕಿದ್ದು ಪಿಯಾನೋ ನೋಡ್ಕೊಳ್ಳತ್ತೆ."

"ನಾನೇನು ಗಾಜಿನ ತೊಟ್ಟಿಯ ಮೀನಾ?" ಎಂದು ಗುಡುಗಣ್ಣ ಈಗ ಬಚ್ಚಲಿನಿಂದಲೇ ಕೇಳಿದ. "ದೇವರ ಮುಂದೆ ನಿಂತು ಸುಳ್ಳು ಬಾಯಿ ತೆಗೀಲಾ?"

"ದೇವರಿಗೆ ನಿಮ್ಮ ಗಂಟಲು ಗೊತ್ತಿದೆ ಬಿಡಿ."

ಆದರೆ ಗುಡುಗಣ್ಣನಿಗೂ ತನ್ನ ಗಂಟಲಿನ ಒಂದು ಗುಟ್ಟು ಗೊತ್ತಿತ್ತು. ನೆಗಡಿಯಾದರೆ ದನಿ ಇಳಿಯುತ್ತದೆ. ಹೋದ ಸಲ ನೆಗಡಿಯಾದಾಗ ಲಿಫ್ಟಿನ ತಳದ ಹಳ್ಳದೊಳಗಿನಿಂದ ಅವನು ಸ್ಪ್ಯಾನರ್ ಕೇಳಿದ್ದಕ್ಕೆ, ಮೋಟಾರು ಕೆಟ್ಟಿತೆಂದು ಮೇಲಿದ್ದ ಕಾವಲುಗಾರ ಕರೆಂಟು ತೆಗೆದಿದ್ದ. ಬೇಕಿದ್ದುದು ಅಂಥದ್ದೇ ಇನ್ನೊಂದು ನೆಗಡಿ.

ಗುರುವಾರ ಬೆಳಿಗ್ಗೆ ತಣ್ಣೀರಿನ ಸ್ನಾನ ಮಾಡಿ ಒದ್ದೆ ತಲೆಯಲ್ಲೇ ಕೆಲಸಕ್ಕೆ ಹೋದ. ಮಧ್ಯಾಹ್ನ ಊಟದ ಬದಲು ಎರಡು ಐಸ್‌ಕ್ರೀಮ್. ಶುಕ್ರವಾರ ಒಬ್ಬ ಡಾಕ್ಟರ ಕ್ಲಿನಿಕ್ಕಿನ ಲಿಫ್ಟು ರಿಪೇರಿಗೆ ಹೋದವನು, ಕೆಲಸ ಮುಗಿದ ಮೇಲೆ ರೋಗಿಗಳ ಬೆಂಚಿನಲ್ಲಿ ಎಲ್ಲರಿಗಿಂತ ಜೋರಾಗಿ ಕೆಮ್ಮುತ್ತಿದ್ದ ಅಜ್ಜನನ್ನು ಆರಿಸಿ ಪಕ್ಕದಲ್ಲಿ ಕೂತು ಯೋಗಕ್ಷೇಮ ವಿಚಾರಿಸಿದ. ಇಂಥ ಕೇಳುಗ ಸಿಕ್ಕ ಖುಷಿಗೆ ಅಜ್ಜ ಒಂದು ಗಂಟೆ ಜೀವನಚರಿತ್ರೆ ಹೇಳಿದರು. ಕೆಮ್ಮನ್ನು ಮಾತ್ರ ಕೊಡಲಿಲ್ಲ. ಎರಡೂ ರಾತ್ರಿ ತಲೆಗೆ ಒದ್ದೆ ಟವೆಲ್ ಸುತ್ತಿ, ಕಿಟಕಿ ತೆರೆದು, ಫ್ಯಾನನ್ನು ಐದಕ್ಕೆ ತಿರುಗಿಸಿ ಮಲಗಿದ.

"ಕಲೆಗಾಗಿ ಒಂಚೂರು ತಡ್ಕೋ," ಎಂದು ಹೆಂಡತಿಗೆ ಹೇಳಿದ.

"ಕಲೆ ನಿಮ್ಮದು. ಕಿಟಕಿ ನನ್ನ ಕಡೆಗಿದೆ."

ಶನಿವಾರ ಬೆಳಿಗ್ಗೆ ಮನೆಯಲ್ಲೊಂದು ಸೀನು ಕೇಳಿಸಿತು. ಗುಡುಗಣ್ಣ ಹಿಗ್ಗಿ ಎದ್ದು ಕುಳಿತು ಮೂಗು ಮುಟ್ಟಿ ನೋಡಿಕೊಂಡ. ಒಣಗಿದ ನಲ್ಲಿ. ಎರಡನೆಯ ಸೀನು ಅಡುಗೆಮನೆಯಿಂದ ಬಂತು. "ಹಾಲು ಉಕ್ಕೋದು ನೋಡ್ಕೊಳ್ರೀ," ಎಂದ ದನಿ ಕೇಳಿ, ಒಳಗೆ ಯಾವ ಗಂಡಸು ಬಂದನೆಂದು ಅವನು ಓಡಿದ. ಕೆಂಪು ಮೂಗಿನ ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು.

"ಎರಡು ದಿನ ಒದ್ದಾಡಿದವನು ನಾನು. ನೆಗಡಿ ನಿನಗಾ?" ತನ್ನ ಜೇಬಿಗೇ ಕೈಹಾಕಿದವಳನ್ನು ನೋಡುವಂತೆ ನೋಡಿದ. ಅವಳು ಉತ್ತರವಾಗಿ ಮೂರನೆಯ ಸಲ ಸೀನಿದಳು.

ಭಾನುವಾರ ಅವಳ ಮೇಲಿನ ದನಿಯನ್ನು ಶಾಲೆಯ ಎತ್ತರದ ಹುಡುಗಿಯೊಬ್ಬಳಿಗೆ ಕೊಟ್ಟಾಯಿತು. ನಾಲ್ವರಲ್ಲಿ ಒಬ್ಬರಿಲ್ಲದಿದ್ದರೆ ಬಿಕೋ ಎನ್ನುತ್ತದೆ, ನೀವು ಸುಮ್ಮನೆ ನಿಂತು ಬಾಯಾಡಿಸಿ ಎಂದರು ಟೀಚರ್. ಹೆಂಡತಿ ತಲೆಯಾಡಿಸಿ ಗಂಡನ ಪಕ್ಕ ಬಂದು ನಿಂತಳು. ಅವಳಿಗೆ ಅವಮಾನವೇ ಆಗಲಿಲ್ಲವೆಂಬುದು ಗುಡುಗಣ್ಣನನ್ನು ಇನ್ನಷ್ಟು ಕೆರಳಿಸಿತು. ನೇರವಾಗಿ ಪಿಯಾನೋದ ಹತ್ತಿರ ಹೋದ.

"ಕೊನೇ ಸ್ವರಕ್ಕೆ ಇದನ್ನ ಮುಟ್ಟಬೇಡಿ ಟೀಚರ್. ಬಂದ್ರೆ ನನ್ನ ಗಂಟಲಿಂದ ಬರಲಿ. ಇಲ್ಲದಿದ್ರೆ ಬರೋದೇ ಬೇಡ."

ಹಾಡು ಚೆನ್ನಾಗಿಯೇ ಸಾಗಿತು. ಕೊನೆಯ ಸಾಲಿಗೆ ಮಕ್ಕಳು ಸುಮ್ಮನಾದರು, ಟೀಚರ್ ಕೈಗಳನ್ನು ಮಡಿಲಲ್ಲಿಟ್ಟುಕೊಂಡರು. ಗುಡುಗಣ್ಣ ಒಂದು ಮೆಟ್ಟಿಲು ಇಳಿದ. ಎರಡು. ಮೂರು. ನಾಲ್ಕನೆಯದಕ್ಕೆ ಕಾಲಿಟ್ಟು ಬಾಯಿ ತೆರೆದ. ಗಾಳಿ.

ಆಗ ಆ ಸ್ವರ ಬಂತು. ತುಂಬು ಕೊಡದ ಹಾಗೆ, ನಿಧಾನವಾಗಿ. ಮುಂದಿನ ಸಾಲಿನ ಬೆಂಚು ಸಣ್ಣಗೆ ನಡುಗಿತು. ಕೃಪೆ ಇಳಿಯಿತೆಂದು ಗುಡುಗಣ್ಣನ ಕಣ್ಣು ತುಂಬಿದವು. ಉಸಿರು ಮುಗಿದು ಬಾಯಿ ಮುಚ್ಚಿದ. ಸ್ವರ ನಿಲ್ಲಲಿಲ್ಲ. ಅದು ಬರುತ್ತಿದ್ದುದು ಅವನ ಎಡಭುಜದ ಪಕ್ಕದಿಂದ, ಅರ್ಧ ಮುಖ ಕರ್ಚೀಫಿನಲ್ಲಿ ಮುಚ್ಚಿಕೊಂಡವಳಿಂದ. ಗುಡುಗಣ್ಣ ಗಡಬಡಿಸಿ ಬಾಯಿಯನ್ನು ಮತ್ತೆ ತೆರೆದ.

ಮುಗಿದ ಮೇಲೆ ಪಾಸ್ಟರ್ ಅವನ ಎರಡೂ ಕೈ ಹಿಡಿದುಕೊಂಡರು.

"ಅದು ನಾನಲ್ಲ ಪಾಸ್ಟರ್," ಎಂದ ಗುಡುಗಣ್ಣ.

"ನಾವ್ಯಾರೂ ಅಲ್ಲ ಬಿಡಪ್ಪ, ಎಲ್ಲಾ ಆತನದೇ," ಎಂದು ಅವರು ಕಣ್ಣೊರೆಸಿಕೊಂಡು, ಇಂಥ ವಿನಯವನ್ನು ತಾವು ಕಂಡಿಲ್ಲವೆಂದು ಸುತ್ತಲಿದ್ದವರಿಗೆಲ್ಲ ಹೇಳಿದರು. ಟೀಚರ್ ಬಂದು ಕ್ಷಮೆ ಕೇಳಿದರು. ಹೆಂಡತಿ ಬ್ಯಾಗಿನಲ್ಲಿ ಇನ್ನೊಂದು ಕರ್ಚೀಫು ಹುಡುಕುತ್ತಿದ್ದಳು.

ದಾರಿಯುದ್ದಕ್ಕೂ ಅವನು ಕುದಿದ. ಯಾಕೆ ಹಾಡಿದೆ, ನಿನ್ನನ್ನು ಯಾರು ಕೇಳಿದ್ದರು, ಮೀನು ಮಾಡಿಬಿಟ್ಟೆಯಲ್ಲ ನನ್ನನ್ನು ಎಂದ. ಮನೆಯ ಬೀದಿಗೆ ತಿರುಗಿದ ಮೇಲೆ ಅವಳು ಹೇಳಿದಳು: "ನಿಮ್ಮ ಮುಖ ಕೆಂಪಾಗ್ತಾ ಇತ್ತು. ಮಕ್ಕಳು ನಿಮ್ಮನ್ನೇ ನೋಡ್ತಿದ್ರು."

ಗುಡುಗಣ್ಣ ಬೀದಿಯ ನಡುವೆಯೇ ನಿಂತ. ಬೆಳಗಾದ ಕೂಡಲೇ ಟೀಚರಿಗೆ ನಿಜ ಹೇಳಿಬಿಡುತ್ತೇನೆಂದು ಹೊಸದೊಂದು ಶಪಥ ಮಾಡಿದ.

ಸೋಮವಾರ ಬೆಳಿಗ್ಗೆ ಅವರೇ ಫೋನು ಮಾಡಿದರು. ಗುಡುಗಣ್ಣ ಎದೆ ಸೆಟೆಸಿ, ಸತ್ಯ ಹೇಳಲು ಬಾಯಿ ತೆರೆದ. ಒಂದು ಸೀನು ಬಂತು. ಅದರ ಹಿಂದೆ ಬರಬೇಕಾದ ದನಿ ಬರಲಿಲ್ಲ. ನೆಲಮಾಳಿಗೆಯಲ್ಲೂ ಇಲ್ಲ, ನೆಲಮಹಡಿಯಲ್ಲೂ ಇಲ್ಲ, ಇಡೀ ಕಟ್ಟಡವೇ ಖಾಲಿ. "ಹಲೋ? ಅಂಕಲ್?" ಎನ್ನುತ್ತಿದ್ದರು ಟೀಚರ್.

ಹೆಂಡತಿ ಕೆಮ್ಮಿನ ಔಷಧಿಯ ಬಾಟಲಿ ಹಿಡಿದು ಬಂದು, ಅವನ ಕೈಯಿಂದ ಫೋನನ್ನು ತೆಗೆದುಕೊಂಡಳು. ಇನ್ನೊಂದು ಕೈಯಲ್ಲಿ ಚಮಚ ಎತ್ತಿದಳು.

"ನೀವು ಸುಮ್ನೆ ಬಾಯಿ ತೆಗೀರಿ ಸಾಕು," ಎಂದಳು ಆ ಗುಡುಗಿನ ದನಿಯಲ್ಲಿ. "ಮಿಕ್ಕಿದ್ದು ನಾನು ನೋಡ್ಕೋತೀನಿ."