ನಮ್ಮ ಭಾವನ ಕಿಂಡಿ ಫೋಟೋಗಳು

ಬಂದೂಕಿನ ಹಾಗೆ ಕ್ಯಾಮೆರಾಕ್ಕೂ ಲೈಸೆನ್ಸ್ ಬೇಕೆಂದು ಸರ್ಕಾರ ಕಾನೂನು ಮಾಡಿದರೆ, ಸಿರುಗುಪ್ಪದಲ್ಲಿ ಮೊದಲು ತಿರಸ್ಕಾರವಾಗಬೇಕಾದ ಅರ್ಜಿ ನಮ್ಮ ಭಾವನದು. ತಕರಾರು ಸಲ್ಲಿಸಲು ನಾನೇ ಹೋಗುತ್ತೇನೆ.

ಭಾವ ಅಂದರೆ ನನ್ನ ಅಕ್ಕನ ಗಂಡ. ಗೊಬ್ಬರದ ಅಂಗಡಿ ಇಟ್ಟುಕೊಂಡು ತಣ್ಣಗಿದ್ದವರು. ಬಳ್ಳಾರಿಯಲ್ಲಿ ಯಾರೋ ನಡೆಸಿದ ಫೋಟೋ ಶಿಬಿರಕ್ಕೆ ಹೋಗಿ ಬಂದ ಮೇಲೆ ಕೆಟ್ಟರು. ಅಲ್ಲಿ ಕಲಿತದ್ದು ಎರಡೇ ಪಾಠ. ಒಂದೇ ಆಕಾರ ಸಾಲಾಗಿ ಬಂದರೆ ಚಿತ್ರಕ್ಕೆ ಲಯ ಬರುತ್ತದೆ. ಕೊಂಬೆಯೋ ಕಲ್ಲೋ ಸುತ್ತುವರಿದರೆ ಅದೇ ಚೌಕಟ್ಟಾಗುತ್ತದೆ. ಸರಿ, ಆಗಲಿ. ಆದರೆ ಅದಕ್ಕಾಗಿ ಮನುಷ್ಯರನ್ನೇ ಬಿಟ್ಟುಬಿಡುವುದೇ?

ಬಳ್ಳಾರಿಯಲ್ಲಿ ನಾನು ಮನೆ ಕಟ್ಟಿಸಿದಾಗ, "ಫೋಟೋದವರನ್ನ ಕರಿಬ್ಯಾಡ, ನಾ ಅದೀನಿ" ಅಂದರು. ನಂಬಿದೆ. ಗೃಹಪ್ರವೇಶ ಮುಗಿದು ಪೆನ್‌ಡ್ರೈವ್ ಹಾಕಿ ನೋಡಿದರೆ, ಪಂಕ್ತಿಯಲ್ಲಿ ಹಾಸಿದ ಬಾಳೆಎಲೆಗಳು, ಬೋರಲು ಹಾಕಿದ ಸ್ಟೀಲ್ ಲೋಟಗಳು, ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗಳು. ಹಾಲು ಉಕ್ಕಿಸಿದ ನನ್ನ ಹೆಂಡತಿಯ ಸುಳಿವೇ ಇಲ್ಲ.

"ಭಾವಾರ, ಇದರಾಗ ನಾವೆಲ್ಲಿ ಅದೀವ್ರಿ?"

"ಚಪ್ಪಲಿ ಸಾಲಿನಾಗ ನಡುವಿಂದು ನೋಡು. ನಿಂದ ಅಲ್ಲೇನು?"

ನನ್ನದೇ. ಹೆಂಡತಿ ನನ್ನ ಕೂಡ ಮಾತು ಬಿಟ್ಟಳು. ತೆಗೆದವರು ಅವರು, ಶಿಕ್ಷೆ ನನಗೆ. ಇದು ಯಾವ ನ್ಯಾಯ ಸ್ವಾಮಿ?

ಇನ್ನೊಮ್ಮೆ ಜೀನ್ಸ್ ಕಾರ್ಖಾನೆಯವರು ಪ್ಯಾಂಟು ಒಗೆದು ಒಣಹಾಕುವ ಬಯಲಿಗೆ ನನ್ನನ್ನು ಎಳೆದೊಯ್ದರು. ತಂತಿಯುದ್ದಕ್ಕೂ ನೀಲಿ ಕಾಲುಗಳು ತೂಗುತ್ತಿದ್ದವು. ಒಂದೇ ಆಕಾರದ ಸಾಲಿನ ನಡುವೆ ಬೇರೆಯದೊಂದು ಇದ್ದರೆ ಕಣ್ಣು ಅಲ್ಲಿ ನಿಲ್ಲುತ್ತದಂತೆ. ಆ ಬೇರೆಯದು ನಾನು. ಬಿಳಿ ಲುಂಗಿಯಲ್ಲಿ, ಬಳ್ಳಾರಿಯ ನಡುಮಧ್ಯಾಹ್ನದ ಬಿಸಿಲಲ್ಲಿ.

"ಕೈ ಸಡಿಲ ಬಿಡಲೇ. ನಿನ್ನೂ ಒಣಗಾಕ ಹಾಕ್ಯಾರೇನೋ ಅನ್ನಂಗ ಕಾಣಬೇಕು."

"ಒಣಗಿಬಿಟ್ಟೀನ್ರಿ" ಅಂದೆ. ಅವರಿಗೆ ಕೇಳಿಸಲಿಲ್ಲ. ಗಾಳಿ ನಿಲ್ಲಲೆಂದು ಕಾಯುತ್ತಿದ್ದರು.

ಹೋದ ಚಳಿಗಾಲದಲ್ಲಿ ಎಲ್ಲರೂ ಕುರುಗೋಡಿನ ಗುಡ್ಡಕ್ಕೆ ಹೊರಟಾಗ, ಕ್ಯಾಮೆರಾ ಮನೆಯಲ್ಲಿಟ್ಟು ಬರ್ರಿ ಎಂದು ಮೊದಲೇ ಹೇಳಿದ್ದೆ. ಅದು ಅವ್ವನ ಸಲುವಾಗಿ. ಲಕ್ವಾ ಹೊಡೆದು ಅವ್ವನ ಮುಖದ ಎಡಭಾಗ ಜೋತುಬಿದ್ದಿತ್ತು. ಆಮೇಲೆ ಯಾರು ಮೊಬೈಲ್ ಎತ್ತಿದರೂ ಅವಳ ಸೆರಗು ಮುಖಕ್ಕೆ ಬರುತ್ತಿತ್ತು. ಅಕ್ಕನ ಮಗಳ ಮದುವೆಯ ಒಂದು ಫೋಟೋದಲ್ಲೂ ಅವ್ವ ಇಲ್ಲ.

ಭಾವ ಕ್ಯಾಮೆರಾ ತಂದೇ ತಂದರು.

ಗುಡ್ಡದ ಬುಡದಲ್ಲಿ ಕೂತು ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತಿಂದೆವು. ಪಕ್ಕದಲ್ಲಿ ಎರಡು ದೊಡ್ಡ ಬಂಡೆಗಳು ಒಂದಕ್ಕೊಂದು ಒರಗಿ, ನಡುವೆ ಕಿಂಡಿಯಂಥ ಸಂದಿ ಬಿಟ್ಟಿದ್ದವು. ಅವ್ವ ಅದರಾಚೆ ನೆರಳಿಗೆ ಹೋಗಿ ಎಲೆಅಡಿಕೆ ಹಾಕುತ್ತ ಕೂತಳು. ಭಾವನ ಕಣ್ಣು ಆ ಸಂದಿಗೆ ಬಿತ್ತು.

"ಬ್ಯಾಡ್ರಿ ಭಾವಾರ. ಆಕಿಗೆ ಸೇರಂಗಿಲ್ಲಂತ ನಿಮಗ ಗೊತ್ತಿಲ್ಲೇನು?"

ಅವರು ಸೀದಾ ಅವ್ವನ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತರು.

"ಅತ್ತಿಯಾರ, ಒಂದ ಒಂದು ತೆಗಿತೀನಿ. ಮೊದಲು ನಿಮಗ ತೋರಸ್ತೀನಿ. ಬ್ಯಾಡನಿಸಿದ್ರ ನಿಮ್ಮ ಕೈಲೇ ಅಳಿಸಿಬಿಡ್ರಿ."

ಅವ್ವ ನನ್ನತ್ತ ನೋಡಿದಳು. ಆಮೇಲೆ ಹೂಂ ಅಂದಳು.

ಭಾವ ಈಚೆ ಬಂದು ಬಂಡೆಯ ಸಂದಿಯಲ್ಲಿ ಕ್ಯಾಮೆರಾ ಹಿಡಿದರು. ತುಸು ಸರಿದರು, ಬಗ್ಗಿದರು, ಮತ್ತೆ ಸರಿದರು. ತೆಗೆದು ಅವ್ವನ ಕೈಗೆ ಕೊಟ್ಟಾಗ ನಾನೂ ಇಣುಕಿದೆ. ಬಂಡೆಯ ಅಂಚು ಅವ್ವನ ಎಡಗೆನ್ನೆಯನ್ನು ತನ್ನ ಹಿಂದೆ ಇಟ್ಟುಕೊಂಡಿತ್ತು. ಉಳಿದ ಮುಖದ ಮೇಲೆ ಬಿಸಿಲಿನ ಒಂದು ಎಳೆ, ಮೂಗುಬೊಟ್ಟು ಮಿನುಗುತ್ತಿತ್ತು.

ಅವ್ವ ಬಹಳ ಹೊತ್ತು ನೋಡಿದಳು.

"ಇದು ನಾನ ಅದೀನಿ" ಅಂದಳು, ತೊದಲುತ್ತ.

ಆಮೇಲೆ ಅಕ್ಕನ ಕೈ ಹಿಡಿದು ಎದ್ದಳು. ನಿಧಾನ ಹೆಜ್ಜೆ ಹಾಕುತ್ತ ಬಂಡೆ ದಾಟಿ ಬಯಲಿಗೆ ಬಂದು ನಿಂತು, ಸೆರಗನ್ನು ಹೆಗಲ ಮೇಲೆ ಸರಿಮಾಡಿಕೊಂಡಳು.

"ಇನ್ನೊಂದು ತೆಗೀರಿ ಅಳಿಯಾರ. ಮಾರಿ ಪೂರಾ ಬರ್ಲಿ."