ಫ್ಲ್ಯಾಟ್ ೩೦೨ರ ಟಬ್ಬಿನಲ್ಲಿ ಕಂಡುಬಂದ ಗೊದಮೊಟ್ಟೆಗಳ ಕುರಿತು

ಸೊಸೈಟಿ ಕಾರ್ಯಾಲಯ, ಬಿ ವಿಂಗ್, ಸಯನ್ (ಪೂರ್ವ), ಮುಂಬಯಿ
ಸುತ್ತೋಲೆ ಸಂಖ್ಯೆ: ನೀ.ನಿ.ನಿ./೧೨/೨೦೨೪-೨೫
ದಿನಾಂಕ: ೧೯ ಆಗಸ್ಟ್ ೨೦೨೪

ವಿಷಯ: ಕಾರ್ಯದರ್ಶಿಯವರ ಬಾಲ್ಕನಿಯಲ್ಲಿ ಗೊದಮೊಟ್ಟೆ ಸಾಕಿದ್ದರ ವಿವರಣೆ, ತಪ್ಪೊಪ್ಪಿಗೆ ಹಾಗೂ ಮುಂದಿನ ನಿಯಮಗಳು.

ಉಲ್ಲೇಖ: (ಅ) ಸುತ್ತೋಲೆ ೧೧, ದಿನಾಂಕ ೩ ಜೂನ್. (ಆ) ಫ್ಲ್ಯಾಟ್ ೨೦೨ರ ಶ್ರೀಮತಿ ಶೀಲಾವತಿಯವರ ಮೌಖಿಕ ದೂರು, ಮೆಟ್ಟಿಲ ಮೇಲೆ, ಗಟ್ಟಿ ದನಿಯಲ್ಲಿ. (ಇ) ಕಾರ್ಯದರ್ಶಿಯವರ ಧರ್ಮಪತ್ನಿಯವರ ದೂರುಗಳು, ಲೆಕ್ಕವಿಲ್ಲ.

ಬೇರೆಯವರು ಉಪ್ಪುಖಾರ ಹಚ್ಚಿ ಹೇಳುವ ಮುಂಚೆ ಕಾರ್ಯಾಲಯವೇ ಹೇಳಿಬಿಡುವುದು ಲೇಸೆಂದು ಭಾವಿಸಿ, ಸಮಸ್ತ ನಿವಾಸಿಗಳ ಗಮನಕ್ಕೆ ಈ ಕೆಳಗಿನದನ್ನು ತರಲಾಗಿದೆ.

೧. ಕೆಳಸಹಿದಾರನಾದ ನೀಲಕಂಠಪ್ಪ, ಫ್ಲ್ಯಾಟ್ ೩೦೨, ರೈಲ್ವೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಸುತ್ತೋಲೆ ಬರೆದು ನಿವೃತ್ತನಾದವನು. ಬರೆಯುವ ಚಟ ನಿವೃತ್ತವಾಗದ ಕಾರಣ ಸೊಸೈಟಿಯ ಕಾರ್ಯದರ್ಶಿಯಾದನು. ಸೊಳ್ಳೆ ತಡೆಯಲು ಯಾವುದೇ ಪಾತ್ರೆಯಲ್ಲಿ ನೀರು ನಿಲ್ಲಿಸಬಾರದು, ನಿಲ್ಲಿಸಿದವರ ಹೆಸರನ್ನು ಲಿಫ್ಟಿನ ಬಳಿಯ ಬೋರ್ಡಿನಲ್ಲಿ ಏಳು ದಿನ ಬರೆಯಲಾಗುವುದು ಎಂಬ ಸುತ್ತೋಲೆ ೧೧ ಇವನದೇ. ಶೀಲಾವತಿಯವರ ತುಳಸಿ ಕುಂಡದ ಕೆಳಗಿನ ಬಟ್ಟಲನ್ನು ತೆಗೆಸಿದವನೂ ಇವನೇ.

೨. ಪೈಪ್ ರಿಪೇರಿಗೆಂದು ಕಟ್ಟಡದ ಹಿಂದೆ ಅಗೆದ ಗುಂಡಿಯಲ್ಲಿ ಮಳೆನೀರು ನಿಂತಿತ್ತು. ಅದಕ್ಕೆ ಕಾಂಕ್ರೀಟ್ ಸುರಿಯಲು ಕೆಳಸಹಿದಾರ ಆದೇಶಿಸಿ, ೨೯ ಜೂನ್ ಬೆಳಿಗ್ಗೆ ಖುದ್ದು ಮೇಲ್ವಿಚಾರಣೆಗೆ ಇಳಿದನು. ಗುಂಡಿಯೊಳಗೆ ಕಪ್ಪಗೆ, ಬಾಲ ಆಡಿಸುತ್ತಾ, ಏನೋ ಓಡಾಡುತ್ತಿರುವುದು ಕಂಡುಬಂದಿತು. ಕೆಲಸದವರನ್ನು ನಿಲ್ಲಿಸಲಾಯಿತು. ಮೂರು ಮಹಡಿ ಹತ್ತಿ ಚಹಾ ಸೋಸುವ ಜರಡಿ ತರಲಾಯಿತು. ಮೊಣಕಾಲವರೆಗಿನ ಕೆಸರಿನಲ್ಲಿ ನಿಂತ ಕಾರ್ಯದರ್ಶಿಯನ್ನು ಎ ವಿಂಗ್‌ನವರೂ ನೋಡಿದ್ದಾರೆಂದು ತಿಳಿದುಬಂದಿದೆ.

೩. ಎಣಿಸುವಾಗ ಗೊದಮೊಟ್ಟೆಗಳು ಕದಲದೆ ನಿಲ್ಲತಕ್ಕದ್ದು. ಸದರಿಯವು ಒಪ್ಪದ ಕಾರಣ ಮೂರು ಬಾರಿ ಎಣಿಸಿ ಐವತ್ತೆಂಟು, ಅರವತ್ತಮೂರು, ಅರವತ್ತೊಂದು ಬಂದಿದ್ದು, ಕೊನೆಯದನ್ನು ಅಂಗೀಕರಿಸಲಾಯಿತು. ಬಟ್ಟೆ ನೆನೆಸುವ ಟಬ್ಬನ್ನು ಬಾಲ್ಕನಿಗೆ ವರ್ಗಾಯಿಸಲಾಯಿತು. ಧರ್ಮಪತ್ನಿ ಮಹಾದೇವಿಯವರ ಹೇಳಿಕೆ ಇಂತಿದೆ: “ಮಂದಿಗೆ ನೀರ ನಿಲ್ಲಸಬ್ಯಾಡ್ರಿ ಅಂತ ಕಾಗದಾ ಹಚ್ಚೀರಿ, ಮನ್ಯಾಗ ಕೆರಿ ಕಟ್ಟೀರಿ!” ಹೇಳಿಕೆಯನ್ನು ದಾಖಲಿಸಲಾಗಿದೆ.

೪. ಗೊದಮೊಟ್ಟೆಗಳಿಗೆ ಜೋಳದ ರೊಟ್ಟಿಯ ಪುಡಿ ಹಾಕಬಾರದು. ನಲ್ಲಿಯ ನೀರನ್ನು ಹಿಡಿದ ಕೂಡಲೇ ಸುರಿಯಬಾರದು, ಅದರ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಟ್ಟು ಬಳಸತಕ್ಕದ್ದು. ಮೊದಲ ದಿನ ಕೆಳಸಹಿದಾರ ಎರಡನ್ನೂ ಮಾಡಿದನು. ಅತಿಥಿಗಳೆಂದು ಎರಡನೆಯ ಸಲವೂ ರೊಟ್ಟಿ ಬಡಿಸಿದನು. ಮರುದಿನ ಬೆಳಿಗ್ಗೆ ನೀರು ನಾರುತ್ತಿತ್ತು. ಹತ್ತೊಂಬತ್ತು ಮೇಲೆ ತೇಲುತ್ತಿದ್ದವು. ಇದಕ್ಕೆ ಕೆಳಸಹಿದಾರನ ತಿಳಿಗೇಡಿತನದ ಹೊರತು ಬೇರೆ ಕಾರಣ ಕಂಡುಬಂದಿರುವುದಿಲ್ಲ. ಕಾಂಕ್ರೀಟಿನಿಂದ ಉಳಿಸಿ ರೊಟ್ಟಿಯಿಂದ ಕೊಂದಂತಾಯಿತು. ಆ ದಿನ ಮಹಾದೇವಿಯವರು ಹತ್ತೊಂಬತ್ತನ್ನೂ ದಾಸವಾಳದ ಕುಂಡದಲ್ಲಿ ಹೂಳಲು ಮಣ್ಣು ಸರಿಸಿಕೊಟ್ಟರು.

೫. ಗೊದಮೊಟ್ಟೆಗಳಿಗೆ ಹೆಸರಿಡುವುದನ್ನು ನಿಷೇಧಿಸಲಾಗಿದೆ. ನಿಷೇಧಕ್ಕೆ ಮುಂಚೆ ಇಟ್ಟ ಮೂರು ಹೆಸರುಗಳು ಊರ್ಜಿತದಲ್ಲಿರುತ್ತವೆ.

೬. ಜುಲೈ ಕೊನೆಯ ವಾರ ಬಾಲ್ಕನಿಯಿಂದ ನೀರು ತೊಟ್ಟಿಕ್ಕಿ ೨೦೨ರ ಕಿಟಕಿಗೆ ಬಿದ್ದಿತು. ಶೀಲಾವತಿಯವರು ಸೊಳ್ಳೆ ತಪಾಸಣೆಯವರಿಗೆ ಫೋನ್ ಮಾಡಿದರು. ಟಾರ್ಚ್ ಹಿಡಿದು ಬಂದ ನೌಕರರು ಟಬ್ಬನ್ನೂ ಕೆಳಸಹಿದಾರನನ್ನೂ ನೋಡಿ, “ಕಾಕಾ, ಹೇ ಕಾಯ್? ಬೋರ್ಡಾವರ್ ತುಮ್ಚೀಚ್ ಸಹೀ ಆಹೇ ನಾ?” ಎಂದರು. ಇದೇನು, ಬೋರ್ಡಿನ ಮೇಲಿನ ಸಹಿ ತಮ್ಮದೇ ಅಲ್ಲವೇ ಎಂಬುದು ಇದರ ತಾತ್ಪರ್ಯ. ಮೇಲಿನ ಮಹಡಿಗಳನ್ನು ಮುಗಿಸಿ ಬರುವುದರೊಳಗೆ ಟಬ್ಬನ್ನು ಬರಿದು ಮಾಡಬೇಕು, ಇಲ್ಲವೇ ಸೊಳ್ಳೆ ನುಸುಳದಂತೆ ಮುಚ್ಚಬೇಕು ಎಂದು ತಾಕೀತು ಮಾಡಿ ಹೋದರು. ಮನೆಯಲ್ಲಿ ಬಲೆ ಇರಲಿಲ್ಲ. ಕೆಳಸಹಿದಾರ ಟಬ್ಬಿನ ಅಂಚು ಹಿಡಿದುಕೊಂಡು ಕುಳಿತುಬಿಟ್ಟನು.

ಅಷ್ಟರಲ್ಲಿ ಶೀಲಾವತಿಯವರು ಬಂದು, “ಎಂತ ಮಾರಾಯ್ರೆ, ನನ್ನ ತುಳಸಿಯ ಬಟ್ಟಲು ತೆಗೆಸಿದ್ರಿ, ಇದು ಮತ್ತೆ ಎಂತದು?” ಎಂದು ಬಗ್ಗಿ ನೋಡಿದರು. “ಅಯ್ಯೋ, ಇದಕ್ಕೆ ಕಾಲು ಬಂದಿದೆಯಲ್ಲ!” ಎಂದವರೇ ಕೆಳಗಿಳಿದು, ಹಪ್ಪಳ ಒಣಗಿಸುವಾಗ ಹೊದೆಸುವ ಸಣ್ಣ ಕಣ್ಣಿನ ಬಲೆಬಟ್ಟೆ ತಂದರು. “ಹಿಡೀರಿ ಆ ಕಡೆ. ಮಳೆಗಾಲದಲ್ಲಿ ನನಗೆಂತ ಹಪ್ಪಳ?” ಇಬ್ಬರೂ ಸೇರಿ ಟಬ್ಬಿಗೆ ಬಿಗಿದರು. ನೌಕರರು ಬಲೆಯನ್ನು ಬೆರಳಿನಿಂದ ಒತ್ತಿ ನೋಡಿ ಒಪ್ಪಿದರು. ತುಳಸಿಯ ಬಟ್ಟಲನ್ನು ಅದೇ ದಿನ ಕ್ಷಮೆಯೊಂದಿಗೆ ಹಿಂದಿರುಗಿಸಲಾಗಿದೆ.

೭. ಸುತ್ತೋಲೆ ೧೧ರಂತೆ ಕೆಳಸಹಿದಾರನು ತನ್ನ ಹೆಸರನ್ನು ತಾನೇ ಬೋರ್ಡಿನಲ್ಲಿ ಬರೆದಿರುತ್ತಾನೆ. ಮೊದಲು ಅಕ್ಷರ ಸಣ್ಣದಾಗಿದೆ ಎಂಬ ಆಕ್ಷೇಪಣೆ ಬಂದಿದ್ದರಿಂದ ದೊಡ್ಡದಾಗಿ ಮತ್ತೆ ಬರೆಯಲಾಯಿತು. ಆ ಏಳು ದಿನ ಲಿಫ್ಟಿನ ಬಳಿ ಹೋಗಲು ನಾಚಿ ಮೆಟ್ಟಿಲು ಹತ್ತಿದ್ದರಿಂದ ಮಂಡಿನೋವು ಬಂದಿದ್ದು, ಅದಕ್ಕೆ ಸೊಸೈಟಿ ಜವಾಬ್ದಾರಿಯಲ್ಲ.

೮. ಮುಂಗಾಲು ಬಂದ ಮೇಲೆ ಮರಿ ನೀರಿನಿಂದ ಹತ್ತಿ ಕೂರಲು ಇಳಿಜಾರು ಬೇಕು. ಇದು ತಿಳಿಯುವಷ್ಟರಲ್ಲಿ ಇನ್ನೂ ನಾಲ್ಕು ಮುಳುಗಿ ಸತ್ತವು. ಬಳಿಕ ಮಹಾದೇವಿಯವರ ಚಪಾತಿ ಮಣೆಯನ್ನು ಟಬ್ಬಿನಲ್ಲಿ ಓರೆಯಾಗಿ ನಿಲ್ಲಿಸಲಾಯಿತು. ಎರವಲು ಪಡೆಯುವ ಮುನ್ನ ಅನುಮತಿ ಕೋರತಕ್ಕದ್ದಿತ್ತು. ಬಾಲ ಕರಗುವಾಗ ಮರಿಗಳು ಊಟ ಬಿಡುತ್ತವೆ. ಅದನ್ನು ಮುನಿಸೆಂದು ತಿಳಿದು ಯಾರೂ ಜೊತೆಯಲ್ಲಿ ಉಪವಾಸ ಮಾಡಬಾರದು. ಕೆಳಸಹಿದಾರ ಒಂದು ಹೊತ್ತು ಮಾಡಿದ್ದು ವೃಥಾ. ಬಾಲವಿದ್ದವುಗಳಿಗೆ ಶೀಲಾವತಿಯವರು ದಿನವೂ ಬಸಳೆ ಎಲೆ ಬೇಯಿಸಿ ಕಳಿಸುತ್ತಿದ್ದರು. ಅದಕ್ಕೆ ಉಪ್ಪು ಹಾಕಿರಲಿಲ್ಲ.

೯. ದಿನಾಂಕ ೧೮ರ ಭಾನುವಾರ ಬೆಳಿಗ್ಗೆ, ಮಳೆ ನಿಂತ ಹೊತ್ತಿನಲ್ಲಿ, ಮೂವತ್ತೆಂಟು ಕಪ್ಪೆಮರಿಗಳನ್ನು ಬಿಡಲು ಮಹಾದೇವಿಯವರು, ಶೀಲಾವತಿಯವರು, ಕೆಳಸಹಿದಾರ ಮೂವರೂ ಕೆಳಗಿಳಿದರು. ಅವು ಹುಟ್ಟಿದ ಜಾಗ ಕೆಳಸಹಿದಾರನ ಆದೇಶದಂತೆ ಕಾಂಕ್ರೀಟಾಗಿದೆ. ಕಾಂಪೌಂಡಿನಲ್ಲಿ ಉಳಿದಿರುವ ಹಸಿಮಣ್ಣೆಂದರೆ ಪಂಪಿನ ಕೋಣೆಯ ಹಿಂದಿನ ಹುಲ್ಲು ಮಾತ್ರ. ಅಲ್ಲಿಗೂ ಟೈಲ್ಸ್ ಹಾಕುವ ಪ್ರಸ್ತಾವ ಕೆಳಸಹಿದಾರನದೇ. ಅದನ್ನು ಈ ಕ್ಷಣದಿಂದ ಹಿಂಪಡೆಯಲಾಗಿದೆ. ಮುಂದೆ ಬರುವ ಯಾವ ಕಾರ್ಯದರ್ಶಿಯೂ, ಇದೇ ಕಾರ್ಯದರ್ಶಿಗೆ ಮತ್ತೆ ಬುದ್ಧಿ ಕೆಟ್ಟರೂ, ಆ ಮಣ್ಣನ್ನು ಮುಚ್ಚಬಾರದೆಂದು ವಿನಂತಿಸಲಾಗಿದೆ.

೧೦. ಮೂವತ್ತೇಳು ಮರಿಗಳು ಹಿಂದಿರುಗಿ ನೋಡದೆ ಹುಲ್ಲಿನೊಳಗೆ ಹೋದವು. ಒಂದು ಮಾತ್ರ ಕೆಳಸಹಿದಾರನ ಅಂಗೈಯಲ್ಲೇ ಕುಳಿತಿತು. ಅದಕ್ಕೆ ತನ್ನ ಮೇಲೆ ಪ್ರೀತಿಯೆಂದು ಕೆಳಸಹಿದಾರ ಭಾವಿಸಿದ್ದು ದಾಖಲಾರ್ಹ. ಮಹಾದೇವಿಯವರು, “ಅಷ್ಟ ಎತ್ತರದಿಂದ ಅದು ಹ್ಯಾಂಗ ಜಿಗದೀತು? ಕೈ ಕೆಳಗ ಇಡ್ರಿ” ಎಂದರು. ಕೈ ಕೆಳಗಿಡಲಾಯಿತು. ಅದು ಹೋಯಿತು.

(ಸಹಿ)
ನೀಲಕಂಠಪ್ಪ
ಕಾರ್ಯದರ್ಶಿ, ಸದ್ಯಕ್ಕೆ

ಪ್ರತಿಗಳು:
೧. ಲಿಫ್ಟಿನ ಬಳಿಯ ಬೋರ್ಡು. ಮರಾಠಿ ಪ್ರತಿ ಪಕ್ಕದಲ್ಲಿ.
೨. ಶ್ರೀಮತಿ ಶೀಲಾವತಿ, ಫ್ಲ್ಯಾಟ್ ೨೦೨, ವಂದನೆಗಳೊಂದಿಗೆ.
೩. ಶ್ರೀಮತಿ ಮಹಾದೇವಿ, ಫ್ಲ್ಯಾಟ್ ೩೦೨, ಓದಿ ನಗುವುದಕ್ಕಾಗಿ.
೪. ಎ ವಿಂಗ್ ಕಾರ್ಯದರ್ಶಿ, ಕೆಸರಿನ ಫೋಟೋ ಅಳಿಸುವ ಕೋರಿಕೆಯೊಂದಿಗೆ.
೫. ಕಡತಕ್ಕೆ. ಕಡತ ಒದ್ದೆಯಾಗಿದ್ದು, ಒಣಗಿದ ಮೇಲೆ ಸೇರಿಸುವುದು.