ಹದಿನೈದು ದಿನ ಸಾಯದಿರುವ ಲೆಕ್ಕ

ಮುಪ್ಪಿನ ಗಣಿತ ಮಾಡುವವನ ಹಣೆಬರಹವೇ ಇಷ್ಟು. ಕಾಶಿಯಲ್ಲಿ ಯಾರಿಗೆ ನನ್ನ ಕೆಲಸ ಹೇಳಿದರೂ ಒಂದು ಪ್ರಸಂಗ ಆಗದೆ ಬಿಡುವುದಿಲ್ಲ. ಜೀವಿಗಳು ಯಾಕೆ ಮುದಿಯಾಗುತ್ತವೆ, ವಿಕಾಸದ ದಾರಿಯಲ್ಲಿ ಮುಪ್ಪು ಯಾಕೆ ಉಳಿದುಕೊಂಡಿತು ಅಂತ ಸಮೀಕರಣ ಬರೆಯುವುದು ನನ್ನ ಉದ್ಯೋಗ.

ಕನ್ನಡಿ

ಗೋದೌಲಿಯಾದ ಕ್ಷೌರದಂಗಡಿಯಲ್ಲಿ ಇದನ್ನೇ ಹೇಳಿದೆ. ಕ್ಷೌರಿಕ ಕತ್ತರಿ ನಿಲ್ಲಿಸಿ, "ಎಷ್ಟು ವರ್ಷದಿಂದ ಗುರೂ?" ಅಂದ.

"ಹದಿನೆಂಟು."

ನನ್ನ ನೆತ್ತಿಯ ಹಿಂದೆ ಕನ್ನಡಿ ಹಿಡಿದು ತೋರಿಸಿದ. "ಉತ್ತರ ಆಗಲೇ ಬಂದಿದೆ, ನೋಡ್ಕೊಳ್ಳಿ."

ಸೊಸೆ

ಬಂಗಾಲಿ ಟೋಲಾ ಎಂಬ ಓಣಿಯಲ್ಲಿ ಅರಸೀಕೆರೆ ಕಡೆಯ ಅಜ್ಜಿಯೊಬ್ಬರಿದ್ದಾರೆ. ಕಾಶಿಯಲ್ಲೇ ಪ್ರಾಣ ಬಿಡಬೇಕೆಂದು ಬಂದವರು. ಬಂದು ಹನ್ನೊಂದು ವರ್ಷವಾಯಿತು, ಇದ್ದ ಮಂಡಿನೋವೂ ಹೋಗಿದೆ! ಭಾನುವಾರ ಅವರ ಕೋಣೆಗೆ ಊಟಕ್ಕೆ ಹೋಗುತ್ತೇನೆ. ಸಾರು ಬರೀ ನೆಪ. ನಾನು ಒಂಟಿ, ವಾರವೆಲ್ಲ ಹಿಂದಿ. "ಕೈ ತೊಳ್ಕೊಂಡು ಬಾರೋ" ಅಂತ ಯಾರಾದರೂ ಗದರಿಸದಿದ್ದರೆ ಜೀವ ಬಣಬಣ ಅನ್ನುತ್ತದೆ.

ಒಂದು ಸಲ ಅವರಿಗೂ ನನ್ನ ಸಿದ್ಧಾಂತ ಬಿಡಿಸಿ ಹೇಳಿದೆ. "ಮಕ್ಕಳನ್ನ ಸಾಕಿ ದೊಡ್ಡವರನ್ನ ಮಾಡಿದ ಮೇಲೆ, ನಾವು ಇದ್ದರೂ ಒಂದೇ ಬಿಟ್ಟರೂ ಒಂದೇ ಅನ್ನುತ್ತೆ ಪ್ರಕೃತಿ."

"ಇಷ್ಟಕ್ಕೆ ಹದಿನೆಂಟು ವರ್ಷ ಬೇಕಾಯ್ತೇನೋ? ನನ್ನ ಸೊಸೆ ಬಂದ ವಾರದಲ್ಲೇ ಹೇಳಿದ್ಲು."

ಲಕ್ಷದಲ್ಲಿ ಒಬ್ಬರು

ಸಾಯಲು ಬಂದವರು ಕಾಶಿಯ ಎಲ್ಲೆ ದಾಟಬಾರದು. ಹೊರಗೆಲ್ಲೋ ಸತ್ತರೆ ಕಾದಿದ್ದೆಲ್ಲ ನೀರಲ್ಲಿ ಹೋಮ. ಆದರೆ ಅಜ್ಜಿಯ ತಂಗಿ ಹಾಸಿಗೆ ಹಿಡಿದಿದ್ದಾಳೆಂದು ಊರಿನ ಯಾತ್ರಿಕರೊಬ್ಬರು ಹೇಳಿಬಿಟ್ಟರು.

"ಅವಳ ಮುಖ ಒಂದ್ಸಲ ನೋಡ್ಬೇಕು ಕಣೋ. ಹೋಗಿ ಬರೋಕೆ ಹದಿನೈದು ದಿನ. ಅಷ್ಟರಲ್ಲಿ ಸಾಯಲ್ಲ ಅಂತ ಲೆಕ್ಕ ಹಾಕಿ ಹೇಳು."

"ನನ್ನ ಲೆಕ್ಕ ಲಕ್ಷಾಂತರ ಜನಕ್ಕೆ ಅಜ್ಜಿ, ಒಬ್ಬರಿಗಲ್ಲ."

"ಆ ಲಕ್ಷದಲ್ಲಿ ನನ್ನನ್ನೂ ಸೇರಿಸ್ಕೋ."

ನಿಜ ಹೇಳುತ್ತೇನೆ, ಹೋಗಬೇಡಿ ಅನ್ನೋಣ ಅನಿಸಿತು. ಇವರು ಅಲ್ಲೇ ಉಳಿದರೆ ನನ್ನ ಭಾನುವಾರದ ಗತಿ? ಆದರೆ ತಂಗಿಯ ಮಾತಾಡುತ್ತಲೇ ಅವರು ಚೀಲಕ್ಕೆ ಸೀರೆ ತುಂಬುತ್ತಿದ್ದರು. "ಸಾಯುವ ಸಂಭವ ತೀರಾ ಕಡಿಮೆ," ಅಂದೆ.

ಅಜ್ಜಿಗೆ ಸಿಟ್ಟೇ ಬಂತು. "ಅಷ್ಟು ಕಡಿಮೆನಾ? ಮತ್ತೆ ಇಷ್ಟು ವರ್ಷ ಇಲ್ಲಿ ಕೂತು ಏನ್ ಕಾಯ್ತಿದ್ದೆ ನಾನು?"

ಫೋಟೋ

ಊರಿಗೆ ಹೊರಟಿದ್ದ ಇಲ್ಲಿನ ಕನ್ನಡ ಮಠದವರ ಜೊತೆ ಅಜ್ಜಿಯನ್ನು ರೈಲು ಹತ್ತಿಸಿದೆ. ಎರಡು ಭಾನುವಾರ ಅಜ್ಜಿಯ ಬಾಗಿಲ ತನಕ ಹೋಗಿ, ಬೀಗಕ್ಕೇ "ಅಜ್ಜೀ, ಹಸಿವಾಗ್ತಿದೆ" ಅಂದು ವಾಪಸ್ ಬಂದೆ.

ಮೂರನೆಯ ಭಾನುವಾರ ಬಾಗಿಲು ತೆರೆದಿತ್ತು. ಒಳಗಿಂದ ಒಗ್ಗರಣೆಯ ಘಮ. ನನಗೆ ಅಳುವೇ ಬಂತು.

"ತಂಗಿ ಹೇಗಿದಾರೆ?"

"ಕಾಶಿಗೆ ಹೋದವಳು ಸತ್ತೇ ಹೋಗಿರ್ತಾಳೆ ಅಂತ ನನ್ನ ಫೋಟೋಗೆ ಹಾರ ಹಾಕಿ ಕೂತಿದ್ಲು. ಮೂರು ತಿಂಗಳಿಂದ ಏಳದವಳು, ನನ್ನ ನೋಡಿ ದೆವ್ವ ಅಂತ ಎದ್ದು ಅಡುಗೆಮನೆವರೆಗೂ ಓಡಿದ್ಲು! ಆಮೇಲೆ ಇಬ್ರೂ ಕೈ ಹಿಡ್ಕೊಂಡು ಅತ್ತಿದ್ದೇ ಅತ್ತಿದ್ದು."

ಚೀಲದಿಂದ ಆ ಫೋಟೋ ತೆಗೆದು ನನ್ನ ಕೈಗಿಟ್ಟರು. "ಬೀಗದ ಹತ್ರ ಮಾತಾಡ್ತಿದ್ಯಂತೆ, ಪಕ್ಕದವ್ರು ಹೇಳಿದ್ರು. ಮುಂದೆ ನಾನಿಲ್ಲದಾಗ ಇದರ ಹತ್ರ ಮಾತಾಡು."

ನಾನು ಫೋಟೋದ ಧೂಳನ್ನು ಅಂಗಿಯಿಂದ ಒರೆಸಿದೆ.

"ಹಾರ ಮಾತ್ರ ನನ್ನ ಕೇಳಿ ಹಾಕು," ಅಂದರು ಅಜ್ಜಿ. "ಈಗ ಕೈ ತೊಳ್ಕೊಂಡು ಬಾರೋ."